ಸೂಲಗಿತ್ತಿ ಚುನಾವಣೆಗೆ ನಿಂತ ವರ್ಷ

ಆ ಫೋನ್ ಬಂದಾಗ ನಾನು ಆಸ್ಟ್ರೇಲಿಯಾದ ಅಡಿಲೇಡ್ ನಗರದ ಕಿಲ್ಬರ್ನ್‌ನ ನಮ್ಮ ಕ್ಲಿನಿಕ್ಕಿನಲ್ಲಿ ಒಬ್ಬ ಲಾರಿ ಚಾಲಕರ ಕಿವಿ ನೋಡುತ್ತಿದ್ದೆ. ಪರದೆಯ ಮೇಲೆ ‘ಸಿಸ್ಟರ್’ ಎಂದು ಬಂತು. ನನ್ನ ಕೆಲಸದ ಹೊತ್ತಿನಲ್ಲಿ ಆಕೆ ಎಂದೂ ಫೋನ್ ಮಾಡಿದವರಲ್ಲ. ಚಾಲಕರಿಗೆ ಔಷಧಿ ಬರೆದು ಕಳಿಸಿ, ಬಾಗಿಲು ಹಾಕಿಕೊಂಡು, ತಿರುಗಿ ಕರೆ ಮಾಡಿದೆ.

“ನಾನು ನಿಂತ್ಕೋತಿದೀನಿ,” ಎಂದರು.

“ಎಲ್ಲಿ?” ಎಂದು ಕೇಳಿದೆ. ಅರವತ್ತಮೂರು ವರ್ಷದ, ಎರಡೂ ಮಂಡಿ ಸವೆದ ಹೆಂಗಸು. ಮಂಡಿಯ ವಿಷಯವೇ ಇರಬೇಕೆಂದುಕೊಂಡಿದ್ದೆ.

“ಎಲೆಕ್ಷನ್ನಿಗೆ. ಯಾವ ಪಕ್ಷಾನೂ ಇಲ್ಲ. ನಾನೊಬ್ಬಳೇ.”

ಆಕೆ ಆಡಿದ್ದು ಇಂಗ್ಲಿಷಿನಲ್ಲಿ. ಆದರೆ ಆಕೆಯ ಮಾತುಗಳೆಲ್ಲ ನನ್ನ ತಲೆಯೊಳಗೆ ಮೈಸೂರಿನ ಕನ್ನಡವಾಗಿಯೇ ಉಳಿದಿವೆ. ಹಾಗೆಯೇ ಬರೆಯುತ್ತೇನೆ.

ಸಿಸ್ಟರ್ ಎಂದರೆ ನನ್ನ ಅಕ್ಕ ಅಲ್ಲ. ಅಡಿಲೇಡ್‌ನಿಂದ ಉತ್ತರಕ್ಕೆ ಏಳು ಗಂಟೆ ಕಾರು ಓಡಿಸಿದರೆ ಕೆಂಪು ಮಣ್ಣಿನ ನಡುವೆ ಒಂದು ಸಣ್ಣ ಊರು ಸಿಗುತ್ತದೆ. ಅಲ್ಲಿಯ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಆಕೆ ಹಿರಿಯ ನರ್ಸ್ ಆಗಿದ್ದರು. ನಮ್ಮ ಕಡೆ ನರ್ಸುಗಳನ್ನು ಸಿಸ್ಟರ್ ಎನ್ನುವ ರೂಢಿ. ಕೆಲಸಕ್ಕೆ ಸೇರಿದ ಮೊದಲ ದಿನವೇ ನನ್ನ ಬಾಯಲ್ಲಿ ಅದು ಬಂದುಬಿಟ್ಟಿತು. ಕುರಿಗಾಹಿಗಳ ಮನೆಯಲ್ಲಿ ಹುಟ್ಟಿ ಬೆಳೆದ ಆಕೆ ನನ್ನ ಮುಖ ನೋಡಿ, “ಇರಲಿ, ಚೆನ್ನಾಗಿದೆ,” ಎಂದಿದ್ದರು.

ಇಪ್ಪತ್ತು ವರ್ಷಗಳ ಹಿಂದಿನ ಮಾತು ಅದು. ಹೊರದೇಶದಿಂದ ಬಂದ ಡಾಕ್ಟರುಗಳು ನಗರದಲ್ಲಿ ನೆಲೆಯಾಗುವ ಮುಂಚೆ, ಇಲ್ಲಿಯ ಡಾಕ್ಟರುಗಳು ಹೋಗಲೊಲ್ಲದ ಜಾಗಗಳಲ್ಲಿ ಕೆಲವು ವರ್ಷ ದುಡಿಯಬೇಕಿತ್ತು. ನಮ್ಮ ಪಾಲಿಗೆ ಆ ಊರು ಬಂತು. ಒಂದು ಪಬ್ಬು, ಒಂದು ಪೆಟ್ರೋಲ್ ಬಂಕು, ಎರಡು ಚರ್ಚು, ಇಪ್ಪತ್ತು ಹಾಸಿಗೆಯ ಆಸ್ಪತ್ರೆ. ಬೆಂಗಳೂರಿನಲ್ಲಿ ಇಂಜಿನಿಯರ್ ಆಗಿದ್ದ ನನ್ನ ಗಂಡ ಅಲ್ಲಿಯ ಶಾಲೆಯ ಕಂಪ್ಯೂಟರುಗಳನ್ನು ರಿಪೇರಿ ಮಾಡಿಕೊಂಡು, ಟೊಮ್ಯಾಟೊ ಬೆಳೆದುಕೊಂಡು ಕಾಲ ಕಳೆದರು. ಹೋದ ಎರಡನೆಯ ವರ್ಷ, ಜನವರಿಯ ಉರಿಬಿಸಿಲಿನಲ್ಲಿ ನನಗೆ ಹೆರಿಗೆ ನೋವು ಬಂತು. ನಾನು ಡಾಕ್ಟರೆಂಬುದನ್ನು ಮರೆತು, ಇಂಗ್ಲಿಷನ್ನೂ ಮರೆತು, “ಆಗಲ್ಲ, ಆಗಲ್ಲ” ಎಂದು ಕನ್ನಡದಲ್ಲಿ ಗೋಗರೆಯುತ್ತಿದ್ದೆನಂತೆ. ಹಾಗೆಂದರೇನು ಎಂದು ಸಿಸ್ಟರ್ ನನ್ನ ಗಂಡನನ್ನು ಕೇಳಿದರು. ಅದಕ್ಕೆ ವಿರುದ್ಧ ಪದ ಯಾವುದೆಂದೂ ಕೇಳಿದರು. ಆಮೇಲೆ ಮೂರು ಗಂಟೆ ಕಾಲ ನನ್ನ ಹಣೆಗೆ ಒದ್ದೆ ಬಟ್ಟೆ ಒತ್ತುತ್ತ, “ಆಗತ್ತೆ” ಎಂಬ ಒಂದೇ ಕನ್ನಡ ಪದವನ್ನು ಹೇಳುತ್ತ ಕೂತಿದ್ದರು. ನನ್ನ ಮಗಳು ಹುಟ್ಟಿದ್ದು ಆಕೆಯ ಕೈಯಲ್ಲಿ.

ಇನ್ನು ನಾನು ಹದಿನಾಲ್ಕು ವರ್ಷ ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ವಿಷಯ. ನಾವು ಅಲ್ಲಿದ್ದ ಕೊನೆಯ ವರ್ಷಗಳಲ್ಲಿ ಅರಿವಳಿಕೆ ಕೊಡುತ್ತಿದ್ದ ಡಾಕ್ಟರು ನಿವೃತ್ತರಾದರು. ಅವರ ಜಾಗಕ್ಕೆ ಯಾರೂ ಬರಲಿಲ್ಲ. ಒಂದು ಮಧ್ಯಾಹ್ನ ಹೆರಿಗೆಯಾದ ತಾಯಿಯೊಬ್ಬಳಿಗೆ ರಕ್ತಸ್ರಾವ ನಿಲ್ಲಲಿಲ್ಲ. ಅರಿವಳಿಕೆ ಇಲ್ಲದೆ ಆಪರೇಷನ್ ಮಾಡುವ ಹಾಗಿಲ್ಲ. ಹೊರಗೆ ಧೂಳಿನ ಬಿರುಗಾಳಿ, ರೋಗಿಯನ್ನು ನಗರದ ಆಸ್ಪತ್ರೆಗೆ ಒಯ್ಯುವ ವಿಮಾನ ಇಳಿಯಲು ಮೂರು ತಾಸು ತಡವಾಯಿತು. ಸಿಸ್ಟರ್ ಮತ್ತು ನಾನು ಸರದಿಯ ಮೇಲೆ ಆಕೆಯ ಹೊಟ್ಟೆಯನ್ನು ಒತ್ತಿ ಹಿಡಿದು ನಿಂತಿದ್ದೆವು. ಆಕೆ ಬದುಕಿದಳು, ಆದರೆ ಮತ್ತೆ ಮಕ್ಕಳಾಗುವ ಹಾಗಿರಲಿಲ್ಲ. ಆ ವಾರವೇ ನಾನು ಮೇಲಿನ ಅಧಿಕಾರಿಗಳಿಗೆ ಒಂದು ಪತ್ರ ಬರೆದೆ. ಅರಿವಳಿಕೆ ಕೊಡುವವರಿಲ್ಲದ ಕಡೆ ಹೆರಿಗೆ ಮಾಡಿಸುವುದು ಸುರಕ್ಷಿತವಲ್ಲ, ನಿಲ್ಲಿಸಬೇಕು ಎಂದು ಬರೆದೆ. ಮರುವರ್ಷ ಹೆರಿಗೆ ವಾರ್ಡು ಮುಚ್ಚಿತು. ‘ಅಲ್ಲಿಯ ವೈದ್ಯರ ಅಭಿಪ್ರಾಯದಂತೆ’ ಎಂದು ಆದೇಶದಲ್ಲಿತ್ತು. ಅಷ್ಟರಲ್ಲಿ ನಮ್ಮ ಅವಧಿ ಮುಗಿದು ನಾವು ಅಡಿಲೇಡಿಗೆ ಬಂದಾಗಿತ್ತು.

ಅಲ್ಲಿಂದಾಚೆಗೆ ಆ ಊರಿನ ಬಸುರಿಯರು ಒಂಬತ್ತನೆಯ ತಿಂಗಳು ಹಿಡಿಯುತ್ತಿದ್ದ ಹಾಗೆಯೇ ನಾಲ್ಕು ಗಂಟೆ ದೂರದ ಪಟ್ಟಣಕ್ಕೆ ಹೋಗಿ, ಮೋಟೆಲಿನ ಕೋಣೆಯಲ್ಲಿ ಒಬ್ಬರೇ ದಿನ ಎಣಿಸಬೇಕಾಯಿತು. ಗಂಡಂದಿರು ಕುರಿ ಬಿಟ್ಟು ಬರುವ ಹಾಗಿಲ್ಲ. ಕೆಲವು ಮಕ್ಕಳು ದಾರಿಯಲ್ಲೇ, ಕಾರಿನ ಹಿಂದಿನ ಸೀಟಿನಲ್ಲಿ ಹುಟ್ಟಿದವು. ಅದರ ಸುದ್ದಿಯೆಲ್ಲ ಸಿಸ್ಟರ್ ಫೋನಿನಲ್ಲಿ ಹೇಳುತ್ತಿದ್ದರು. ಪ್ರತಿ ಸಲವೂ ನಾನು ಪತ್ರದ ಮಾತು ಎತ್ತಬೇಕೆಂದುಕೊಂಡು, ಟೊಮ್ಯಾಟೊ ಗಿಡದ ಬಗ್ಗೆ ಮಾತಾಡಿ ಫೋನ್ ಇಡುತ್ತಿದ್ದೆ.

ಆದ್ದರಿಂದ “ನಾನು ನಿಂತ್ಕೋತಿದೀನಿ, ಮಂಡಿ ಕೈಕೊಟ್ಟಿದೆ, ಕಾರು ಓಡಿಸೋರು ಬೇಕು” ಎಂದು ಆಕೆ ಹೇಳಿದಾಗ, ಯೋಚನೆಯನ್ನೂ ಮಾಡದೆ “ಬರ್ತೀನಿ” ಎಂದೆ.

ಮನೆಯಲ್ಲಿ ನನ್ನ ಗಂಡ ಚಪಾತಿ ಲಟ್ಟಿಸುವುದನ್ನು ನಿಲ್ಲಿಸಿ ಕೇಳಿದರು. “ಎಷ್ಟು ದಿನ?”

“ಮೂರು ವಾರ. ಲೀವ್ ಹಾಕ್ಬಿಟ್ಟೆ.”

“ಗೆಲ್ತಾರಾ?”

“ಗೊತ್ತಿಲ್ಲ.”

“ಕಾಂಗರೂ ಅಡ್ಡ ಬಂದ್ರೆ ಸ್ಟೀರಿಂಗ್ ತಿರುಗಿಸ್ಬೇಡ, ಬ್ರೇಕ್ ಮಾತ್ರ ಹಾಕು,” ಎಂದು ಮತ್ತೆ ಲಟ್ಟಣಿಗೆ ಹಿಡಿದರು.

ಗೆಲ್ಲುವ ಲಕ್ಷಣ ಏನೂ ಇರಲಿಲ್ಲ. ನಾಲ್ಕು ಕರ್ನಾಟಕಗಳನ್ನು ಒಳಗಿಟ್ಟರೂ ಜಾಗ ಉಳಿಯುವಷ್ಟು ದೊಡ್ಡ ಕ್ಷೇತ್ರ ಅದು. ಬಹುಪಾಲು ಮರುಭೂಮಿ, ಅಂಚಿನಲ್ಲಿ ಒಂದಿಷ್ಟು ಗೋಧಿ ಹೊಲ, ಕರಾವಳಿಯಲ್ಲಿ ಎರಡು ಮೂರು ಪಟ್ಟಣ. ನಾನು ಈ ದೇಶಕ್ಕೆ ಬಂದಂದಿನಿಂದ ಅಲ್ಲಿ ಒಂದೇ ಪಕ್ಷ ಗೆಲ್ಲುತ್ತಿತ್ತು. ಆ ಪಕ್ಷದವರು ಹೆಚ್ಚಿಗೆ ಪ್ರಚಾರ ಮಾಡುತ್ತಿರಲಿಲ್ಲ, ಅವಶ್ಯಕತೆ ಇರಲಿಲ್ಲ. ಎದುರು ಪಕ್ಷದವರೂ ಮಾಡುತ್ತಿರಲಿಲ್ಲ, ಪ್ರಯೋಜನ ಇರಲಿಲ್ಲ. ಈ ಸಲ ಗೆಲ್ಲುವ ಪಕ್ಷದಿಂದ ನಿಂತಿದ್ದವರು ಗೋಧಿ ಬೆಳೆಯುವ ಒಬ್ಬ ರೈತ, ಐವತ್ತರ ಆಸುಪಾಸಿನ ಮರ್ಯಾದಸ್ಥ ಮನುಷ್ಯ.

ಇಲ್ಲಿ ಮತಪತ್ರದ ಮೇಲೆ ಒಂದೇ ಗುರುತು ಹಾಕಿ ಬರುವ ಹಾಗಿಲ್ಲ. ಎಲ್ಲ ಅಭ್ಯರ್ಥಿಗಳ ಮುಂದೆಯೂ ಒಂದು, ಎರಡು, ಮೂರು ಎಂದು ಇಷ್ಟದ ಕ್ರಮದಲ್ಲಿ ಅಂಕಿ ಬರೆಯಬೇಕು. ನಿಮ್ಮ ‘ಒಂದು’ ಪಡೆದವರು ಕೊನೆಯಲ್ಲಿ ಬಂದು ಹೊರಬಿದ್ದರೆ, ನಿಮ್ಮ ಮತ ‘ಎರಡು’ ಎಂದು ಬರೆದವರಿಗೆ ಹೋಗುತ್ತದೆ. ಸಿಸ್ಟರ್ ಈ ಲೆಕ್ಕವನ್ನು ಅಡುಗೆಮನೆಯ ಮೇಜಿನ ಮೇಲೆ ಬಿಸ್ಕತ್ತುಗಳನ್ನು ಜೋಡಿಸಿ ನನಗೆ ತೋರಿಸಿದರು. “ನಾನು ಹೇಗಾದ್ರೂ ಎರಡನೇ ಸ್ಥಾನಕ್ಕೆ ಬಂದ್ರೆ ಸಾಕು. ಮೂರನೆಯವರ ಮತ ನನ್ನ ಕಡೆ ಬರತ್ತೆ. ಆಗ ನೋಡೋಣ.” ಹೊರಬಿದ್ದ ಅಭ್ಯರ್ಥಿಯ ಬಿಸ್ಕತ್ತನ್ನು ಆಕೆ ಚಹಾದಲ್ಲಿ ಅದ್ದಿ ತಿಂದರು.

ನನ್ನ ಕಾರು, ಹಿಂದೆ ಆಕೆಯ ಮುಖವಿರುವ ಪ್ಲಾಸ್ಟಿಕ್ ಫಲಕಗಳು, ಎರಡು ಡಬ್ಬ ನೀರು, ನಾನು ಕಟ್ಟಿಕೊಂಡಿದ್ದ ಚಟ್ನಿಪುಡಿ. ಪ್ರತಿ ದಿನ ಐದಾರು ಗಂಟೆ ಹಾದಿ. ಒಂದು ಪೆಟ್ರೋಲ್ ಬಂಕಿನಿಂದ ಇನ್ನೊಂದಕ್ಕೆ ಇಷ್ಟು ದೂರ ಎಂದು ಲೆಕ್ಕ ಹಾಕಿಕೊಂಡು ಹೋಗಬೇಕು. ಸರ್ವೋ ಎಂದು ಕರೆಯುವ ಆ ಬಂಕುಗಳೇ ಅಲ್ಲಿಯ ಅರಳಿಕಟ್ಟೆ. ಡೀಸೆಲ್ ತುಂಬುವ ಹೊತ್ತಿಗೆ ಸಿಸ್ಟರ್ ನಾಲ್ಕು ಜನರ ಮಂಡಿ, ಬೆನ್ನು, ಮಗ, ಸೊಸೆ ಎಲ್ಲರನ್ನೂ ವಿಚಾರಿಸಿಕೊಂಡು, ಕೊನೆಗೆ ಯಾರ ಮುಂದೆ ಯಾವ ಅಂಕಿ ಬರೆಯಬೇಕೆಂದು ತೋರಿಸುವ ಚೀಟಿ ಕೊಡುತ್ತಿದ್ದರು.

ಒಂದು ವಿಷಯ ನನಗೆ ಅರ್ಥವಾಗುತ್ತಿರಲಿಲ್ಲ. ಆ ನಾಡಿನ ಅರ್ಧ ಜನ ಆಕೆಯ ಕೈಯಲ್ಲಿ ಹುಟ್ಟಿದವರು. ಆದರೆ ಆಕೆ ಒಂದು ಮನೆಯಲ್ಲೂ ಆ ಮಾತು ಎತ್ತಲಿಲ್ಲ.

“ಯಾಕೆ ಹೇಳಲ್ಲ?” ಎಂದು ಕೇಳಿದೆ.

“ಹೆರಿಗೆ ಮಾಡಿಸಿದ್ದು ನನ್ನ ಕೆಲಸ. ಅದನ್ನ ಹಿಡ್ಕೊಂಡು ವೋಟು ಕೇಳಿದ್ರೆ, ಅವತ್ತು ಆ ಹೆಂಗಸರು ನನ್ನನ್ನ ನಂಬಿದ್ದಕ್ಕೆ ಅವಮಾನ ಮಾಡಿದ ಹಾಗೆ.”

ಎರಡನೆಯ ವಾರ ಒಂದು ಕುರಿ ಉಣ್ಣೆ ಕತ್ತರಿಸುವ ಕೊಟ್ಟಿಗೆಗೆ ಹೋದೆವು. ತಗಡಿನ ಸೂರು, ಉಣ್ಣೆಯ ಜಿಡ್ಡಿನ ವಾಸನೆ, ಊಟದ ವಿರಾಮದಲ್ಲಿ ಗೋಡೆಗೆ ಒರಗಿ ಕೂತ ಎಂಟು ಜನ ಕೆಲಸಗಾರರು. ಸಿಸ್ಟರ್ ಒಂದು ಉಣ್ಣೆ ಮೂಟೆಯ ಮೇಲೆ ಕೂತು ಮಾತಾಡಿದರು. “ನೀವು ಕಾರ್ಮಿಕರ ಪಕ್ಷಕ್ಕೆ ಒಂದು ಹಾಕೋರು. ಹಾಕಿ. ನಿಮ್ಮ ಎರಡನ್ನ ನನಗೆ ಕೊಡಿ, ಅಷ್ಟೆ.” ಅವರಲ್ಲೊಬ್ಬ ಬ್ರೆಡ್ಡು ಅಗಿಯುತ್ತ, “ಎರಡು ಕೇಳೋಕೆ ಇಷ್ಟು ದೂರ ಬಂದವರು ನೀವೇ ಮೊದಲು,” ಎಂದ. ಎಲ್ಲರೂ ಚೀಟಿ ತೆಗೆದುಕೊಂಡರು.

ಆ ಜಮೀನಿನ ಯಜಮಾನರು ಮಾತ್ರ ತೆಗೆದುಕೊಳ್ಳಲಿಲ್ಲ. ಎಪ್ಪತ್ತು ದಾಟಿದ, ಟೊಪ್ಪಿಯ ಅಂಚು ಸುಕ್ಕಾದ ಮನುಷ್ಯ. “ನಲವತ್ತು ವರ್ಷದಿಂದ ನನ್ನ ಒಂದು ಎಲ್ಲಿಗೆ ಹೋಗತ್ತೆ ಅಂತ ನಿಮಗೆ ಗೊತ್ತು,” ಎಂದರು. ಆದರೂ ಮನೆಗೆ ಕರೆದು ಚಹಾ ಕೊಟ್ಟರು. ಚಹಾ ತಂದ ಸೊಸೆಗೆ ಏಳು ತಿಂಗಳು ತುಂಬಿತ್ತು. ಇನ್ನು ಐದು ವಾರಕ್ಕೆ ಮೋಟೆಲಿಗೆ ಹೊರಡಬೇಕು, ಮೂರು ವರ್ಷದ ದೊಡ್ಡ ಮಗಳನ್ನು ಯಾರ ಬಳಿ ಬಿಡುವುದೋ ತಿಳಿಯದು ಎಂದಳು. ಯಜಮಾನರು ಕಿಟಕಿಯ ಕಡೆ ನೋಡುತ್ತ ಕೂತರು. ನಾನು ಚಹಾ ಕುಡಿಯಲಾಗದೆ ಲೋಟ ಕೆಳಗಿಟ್ಟೆ.

ಅಲ್ಲಿಂದ ಮುಂದಿನ ದಾರಿ ಒಂದು ಒಣಗಿದ ಉಪ್ಪಿನ ಸರೋವರದ ಪಕ್ಕ ಹೋಗುತ್ತದೆ. ಕಣ್ಣು ಕೋರೈಸುವ ಬಿಳಿ, ಎಲ್ಲಿಯವರೆಗೆ ನೋಡಿದರೂ. ಕಾರು ನಿಲ್ಲಿಸಿದೆ.

“ಏನಾಯ್ತು? ಟೈರಾ?”

“ಇಲ್ಲ. ಒಂದು ಮಾತು ಹೇಳ್ಬೇಕು,” ಎಂದೆ. “ವಾರ್ಡು ಮುಚ್ಚಿದ್ದು ನನ್ನಿಂದ. ನಾನು ಪತ್ರ ಬರೆದಿದ್ದೆ.”

ಸಿಸ್ಟರ್ ತಿರುಗಿ ನೋಡಿದರು. ಆಮೇಲೆ ತಮ್ಮ ಕಾಲ ಬಳಿಯಿದ್ದ ಹಳೆಯ ಚರ್ಮದ ಚೀಲದ ಮೇಲೆ ಕೈಯಿಟ್ಟು ನಿಧಾನವಾಗಿ ಹೇಳಿದರು. “ಗೊತ್ತು. ಫ್ಯಾಕ್ಸ್ ಕಳಿಸಿ ಮೂಲ ಪ್ರತೀನ ಮೆಷಿನ್ ಮೇಲೇ ಬಿಟ್ಟು ಹೋಗಿದ್ದೆ ನೀನು. ನಾನೇ ಎತ್ತಿಟ್ಕೊಂಡೆ.”

ಹದಿನಾಲ್ಕು ವರ್ಷ ಆಕೆ ನನ್ನ ಮಗಳ ಹುಟ್ಟುಹಬ್ಬಕ್ಕೆ ಕಾರ್ಡು ಕಳಿಸಿದ್ದರು. ಅಡಿಲೇಡಿಗೆ ಬಂದಾಗಲೆಲ್ಲ ನಮ್ಮ ಮನೆಯಲ್ಲೇ ಉಳಿದು ಸಾರು ಅನ್ನ ಉಂಡಿದ್ದರು.

“ಯಾಕೆ ಕೇಳ್ಲಿಲ್ಲ?”

“ಏನು ಕೇಳೋದು? ನೀನು ಬರೆದದ್ದು ಸರಿಯಾಗಿತ್ತು. ಆ ದಿನ ನಾವಿಬ್ಬರೂ ಆ ಹುಡುಗಿಯ ಹೊಟ್ಟೆ ಹಿಡ್ಕೊಂಡು ನಿಂತಿದ್ವಲ್ಲ. ನೀನು ಬರೀದೆ ಇದ್ದಿದ್ರೆ ನಾನು ಬರೀಬೇಕಾಗ್ತಿತ್ತು.” ಆಮೇಲೆ ಕೇಳಿದರು. “ಎರಡನೇ ಪುಟದಲ್ಲಿ ಏನು ಬರೆದಿದ್ದೆ, ನೆನಪಿದೆಯಾ?”

ಇರಲಿಲ್ಲ. ನಿಜವಾಗಿಯೂ ಇರಲಿಲ್ಲ. ತಪ್ಪಿನ ಭಾರದಲ್ಲಿ ನಾನು ಮೊದಲ ಪುಟವೊಂದನ್ನೇ ನೆನಪಿಟ್ಟುಕೊಂಡಿದ್ದೆ. ಸಿಸ್ಟರ್ ಚೀಲದಿಂದ ಹಳದಿಯಾದ ಎರಡು ಹಾಳೆ ತೆಗೆದು ಕೊಟ್ಟರು. ಎರಡನೆಯ ಪುಟದಲ್ಲಿ, ನನ್ನದೇ ಸಹಿಯ ಮೇಲೆ, ವಾರ್ಡನ್ನು ತಾತ್ಕಾಲಿಕವಾಗಿ ಮಾತ್ರ ನಿಲ್ಲಿಸಬೇಕೆಂದೂ, ಅರಿವಳಿಕೆ ಕಲಿತ ಡಾಕ್ಟರನ್ನು ಕರೆಸಲು ಮನೆ ಕೊಡುವುದು, ಇಲ್ಲಿಯ ಡಾಕ್ಟರಿಗೇ ತರಬೇತಿ ಕೊಡಿಸುವುದು, ನಗರದಿಂದ ಸರದಿಯ ಮೇಲೆ ಕಳಿಸುವುದು ಹೀಗೆ ಏನೇನು ಮಾಡಬಹುದೆಂದೂ ಬರೆದಿತ್ತು. ಓದುತ್ತ ಓದುತ್ತ ನನಗೆ ಅಳು ಬಂತು. ಸಿಸ್ಟರ್ ನೀರಿನ ಬಾಟಲಿ ಮುಂದೆ ಹಿಡಿದು, “ಕುಡಿದು ಕಾರು ತೆಗಿ. ಸಂಜೆ ಒಳಗೆ ತಲುಪಬೇಕು,” ಎಂದರು.

ತಲುಪಬೇಕಿದ್ದುದು ಮೂಲನಿವಾಸಿಗಳ ಒಂದು ಸಣ್ಣ ಊರಿಗೆ. ಅಲ್ಲಿ ಮತಗಟ್ಟೆ ಇರುವುದಿಲ್ಲ. ಚುನಾವಣೆಯ ಸಿಬ್ಬಂದಿಯೇ ಕೆಲವು ದಿನ ಮೊದಲು ಪೆಟ್ಟಿಗೆ ತೆಗೆದುಕೊಂಡು ಬರುತ್ತಾರೆ. ಕ್ಲಿನಿಕ್ಕಿನ ಜಗುಲಿಯ ನೆರಳಿನಲ್ಲಿ ಕೂತಿದ್ದ ಹಿರಿಯ ಹೆಂಗಸೊಬ್ಬರು ಸಿಸ್ಟರ್ ಹೇಳಿದ್ದನ್ನೆಲ್ಲ ಕೇಳಿಸಿಕೊಂಡು ತಮ್ಮ ಮಾತು ಹೇಳಿದರು. ತಮ್ಮ ಮೊಮ್ಮಕ್ಕಳಲ್ಲಿ ದೊಡ್ಡವರು ತಮ್ಮ ನೆಲಕ್ಕೆ ಹತ್ತಿರ ಹುಟ್ಟಿದವರು, ಚಿಕ್ಕವರೆಲ್ಲ ದೂರದ ಪಟ್ಟಣದಲ್ಲಿ ಹುಟ್ಟಿದವರು. ಚಿಕ್ಕವರು ತಾವು ಎಲ್ಲಿಯವರೆಂದು ಕೇಳುತ್ತಾರೆ ಎಂದರು. ಸಿಸ್ಟರ್ ಅದಕ್ಕೆ ಭರವಸೆ ಏನೂ ಕೊಡಲಿಲ್ಲ. “ಇದನ್ನ ನಾನು ಹೋದ ಕಡೆ ಹೇಳಬಹುದಾ?” ಎಂದು ಅನುಮತಿ ಕೇಳಿದರು. ಆ ಹೆಂಗಸು ಯೋಚಿಸಿ, “ಹೇಳು. ಸರಿಯಾಗಿ ಹೇಳು,” ಎಂದರು.

ಚುನಾವಣೆಗೆ ಐದು ದಿನ ಇರುವಾಗ ಸಿಸ್ಟರ್ ಊರಿನ ಪುರಭವನದಲ್ಲಿ ಸಭೆ. ಎಲ್ಲ ಅಭ್ಯರ್ಥಿಗಳೂ ವೇದಿಕೆಯ ಮೇಲೆ. ನಾನು ಕೊನೆಯ ಸಾಲಿನಲ್ಲಿ, ಬಾಗಿಲ ಬಳಿ. ಯಾರೋ ಒಬ್ಬರು ಎದ್ದು, ಆಸ್ಪತ್ರೆ ರಾಜ್ಯ ಸರ್ಕಾರದ ವಿಷಯ, ನೀವು ಕ್ಯಾನ್‌ಬೆರಾದ ಪಾರ್ಲಿಮೆಂಟಿಗೆ ಹೋಗಿ ಏನು ಮಾಡುತ್ತೀರಿ ಎಂದು ಕೇಳಿದರು. “ಯಾವ ಡಾಕ್ಟರು ಎಲ್ಲಿ ಕೆಲಸ ಮಾಡ್ಬೇಕು ಅನ್ನೋ ನಿಯಮ ಅಲ್ಲೇ ಆಗೋದು. ತರಬೇತಿಯ ಸೀಟುಗಳನ್ನ ಹಂಚೋದೂ ಅಲ್ಲೇ,” ಎಂದು ಸಿಸ್ಟರ್ ಸಮಾಧಾನವಾಗಿ ಹೇಳಿದರು.

ಆಮೇಲೆ ಕುರಿ ಜಮೀನಿನ ಯಜಮಾನರು ಎದ್ದರು. ಕೈಯಲ್ಲೊಂದು ಕಾಗದ. ಪಕ್ಕದಲ್ಲಿ ಸೊಸೆ ಕೂತಿದ್ದಳು.

“ನಿಮ್ಮ ಕಾರು ಓಡಿಸೋ ಡಾಕ್ಟರು ಹಿಂದೆ ಹೆರಿಗೆ ವಾರ್ಡು ಮುಚ್ಚಿ ಅಂತ ಬರೆದಿದ್ರಂತೆ. ಇಲ್ಲಿದೆ ಪತ್ರ. ಇದಕ್ಕೇನು ಹೇಳ್ತೀರಿ?”

ಸಭೆಯ ತಲೆಗಳೆಲ್ಲ ಹಿಂದಕ್ಕೆ ತಿರುಗಿದವು. ಆ ಸಾಲುಗಳಲ್ಲಿ ನನ್ನ ಹಳೆಯ ರೋಗಿಗಳಿದ್ದರು, ನಮ್ಮ ಪಕ್ಕದ ಮನೆಯವರಿದ್ದರು. ಎದ್ದು ಹೊರಗೆ ಹೋಗಿಬಿಡೋಣ ಅನ್ನಿಸಿತು. ಬಾಗಿಲು ಎರಡು ಹೆಜ್ಜೆ ದೂರದಲ್ಲಿತ್ತು. ಸಿಸ್ಟರ್ ಮೈಕಿನಲ್ಲಿ, “ಡಾಕ್ಟರು ಇಲ್ಲೇ ಇದ್ದಾರೆ. ಅವರನ್ನೇ ಕೇಳೋಣ,” ಎಂದು ಚೀಲದಿಂದ ಎರಡು ಹಾಳೆಗಳನ್ನು ತೆಗೆದು ಹಿಡಿದರು.

ಆ ಸಾಲುಗಳ ನಡುವೆ ನಡೆದುಕೊಂಡು ಹೋದದ್ದು ನನಗೆ ಇವತ್ತಿಗೂ ಚೆನ್ನಾಗಿ ನೆನಪಿದೆ. ನಾನು ಸಭೆಗಳಲ್ಲಿ ಮಾತಾಡುವವಳಲ್ಲ. ಕನ್ನಡ ಸಂಘದ ರಾಜ್ಯೋತ್ಸವದಲ್ಲಿ ವಂದನಾರ್ಪಣೆ ಮಾಡೆಂದರೂ ತಪ್ಪಿಸಿಕೊಳ್ಳುವವಳು. ಮೊದಲ ಪುಟವನ್ನು ಪೂರ್ತಿ ಓದಿದೆ. ಅದು ನನ್ನದೇ, ಈಗಲೂ ಅದರ ಒಂದು ಅಕ್ಷರ ಬದಲಿಸುವುದಿಲ್ಲ ಎಂದೆ. ಯಾರೋ ಕೆಮ್ಮಿದರು. ಆಮೇಲೆ ಎರಡನೆಯ ಪುಟ ಓದಿದೆ. ಓದಿ ಮುಗಿಸಿ, “ಇದನ್ನ ಬರೆದ ಮೇಲೆ ನಾನು ಬೆನ್ನು ಹತ್ತಬೇಕಿತ್ತು. ಫೋನ್ ಮಾಡಿ ಮಾಡಿ ಕೇಳಬೇಕಿತ್ತು. ಊರು ಬಿಟ್ಟು ಹೋಗಿಬಿಟ್ಟೆ. ನನ್ನ ತಪ್ಪು ಅದು,” ಎಂದೆ.

ಚಪ್ಪಾಳೆ ಏನೂ ಬೀಳಲಿಲ್ಲ. ಆದರೆ ಸಭೆ ಮುಗಿದು ಚಹಾ ಕುಡಿಯುವಾಗ ಯಜಮಾನರು ಟೊಪ್ಪಿ ಕೈಯಲ್ಲಿ ಹಿಡಿದು ಬಂದರು. “ನನಗೆ ಕೊಟ್ಟಿದ್ದು ಒಂದೇ ಪುಟ,” ಎಂದರು. ಯಾರು ಕೊಟ್ಟರೆಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಸಿಸ್ಟರ್ ಹತ್ತಿರ ಹೋಗಿ ಎರಡು ಫಲಕ ಕೇಳಿ ತೆಗೆದುಕೊಂಡು ಹೋದರು. ಮರುದಿನ ಹೆದ್ದಾರಿಗೆ ಮುಖ ಮಾಡಿದ ಅವರ ಬೇಲಿಯ ಮೇಲೆ ಸಿಸ್ಟರ್ ಮುಖ ಕಾಣಿಸಿತು. ಆ ಬೇಲಿಯ ಸುದ್ದಿ ನಾವು ಹೋಗುವ ಮೊದಲೇ ಎಲ್ಲ ಸರ್ವೋಗಳಿಗೂ ತಲುಪಿತ್ತು.

ಕ್ಷೇತ್ರದವರು ಬೇರೆ ರಾಜ್ಯಗಳಲ್ಲಿದ್ದರೆ ಅಲ್ಲಿಯ ಕೆಲವು ಕೇಂದ್ರಗಳಲ್ಲೇ ಮತ ಹಾಕಬಹುದು. ಗಣಿ ಕೆಲಸಕ್ಕೆಂದು ಪರ್ತ್‌ಗೆ, ಓದಲೆಂದು ಬ್ರಿಸ್ಬೇನ್‌ಗೆ ಹೋದವರಿದ್ದರು. ಹಾಗಾಗಿ ನನ್ನ ತಮ್ಮನೂ ಮಗಳೂ ಈ ಕೆಲಸಕ್ಕೆ ಸಿಕ್ಕಿಬಿದ್ದರು. ತಮ್ಮ ಪರ್ತ್‌ನ ಕ್ಯಾನಿಂಗ್ಟನ್‌ನಲ್ಲಿರುವ ಸಾಫ್ಟ್‌ವೇರ್ ಮನುಷ್ಯ, ರಾಜಕೀಯ ಎಂದರೆ ಚಾನೆಲ್ ಬದಲಿಸುವವನು. ಮತದಾನದ ದಿನ, ಶನಿವಾರ ಮಧ್ಯಾಹ್ನ, ಅವನ ಫೋನ್ ಬಂತು.

“ಅಕ್ಕ, ಬೆಳಗ್ಗೆಯಿಂದ ಶಾಪಿಂಗ್ ಸೆಂಟರ್ ಹತ್ರ ನಿಂತಿದೀನಿ. ನಿಮ್ಮ ಕ್ಷೇತ್ರದವರು ಇಲ್ಲೀವರೆಗೆ ನಾಲ್ಕೇ ಜನ.”

“ನಾಲ್ಕು ಜನ ಸಿಕ್ರಲ್ಲ.”

“ಒಬ್ಬ ಅಂತೂ ಸಿಸ್ಟರ್ ಫೋಟೊ ನೋಡಿ ಚೀಟೀನ ಜೇಬಲ್ಲಿಟ್ಕೊಂಡ. ಅವರಮ್ಮನಿಗೆ ಕಳಿಸ್ತಾನಂತೆ. ಆಯ್ತು ಬಿಡು, ಮುಚ್ಚೋವರೆಗೂ ನಿಂತೇ ಹೋಗ್ತೀನಿ.”

ಮಗಳು ಬ್ರಿಸ್ಬೇನಿನ ಹೊರವಲಯದ ಫಾರೆಸ್ಟ್ ಲೇಕ್‌ನಲ್ಲಿ ಮೂವರು ಗೆಳತಿಯರ ಜೊತೆ ಮನೆ ಮಾಡಿಕೊಂಡು ಓದುತ್ತಿದ್ದಾಳೆ. ಅವಳು ರೈಲು ಹತ್ತಿ ಬ್ರಿಸ್ಬೇನ್ ನಗರದ ಕೇಂದ್ರಕ್ಕೆ ಹೋಗಿ ನಿಂತಿದ್ದಳು. ನಾನು ಕನ್ನಡದಲ್ಲಿ ಕೇಳುವುದು, ಅವಳು ಇಂಗ್ಲಿಷಿನಲ್ಲಿ ಉತ್ತರಿಸುವುದು ನಮ್ಮ ಮನೆಯ ಪದ್ಧತಿ.

“ಊಟ ಮಾಡಿದ್ಯಾ? ಬಿಸಿಲಲ್ಲಿ ನಿಂತಿಲ್ಲ ತಾನೆ?”

“ಐಯಾಮ್ ಫೈನ್, ಅಮ್ಮ,” ಎಂದಳು. ಒಂಬತ್ತು ಜನ ಸಿಕ್ಕಿದ್ದರಂತೆ. ಅವರಲ್ಲಿ ಒಬ್ಬಳು ಹುಟ್ಟಿದ್ದೂ ಅದೇ ಆಸ್ಪತ್ರೆಯಲ್ಲಿ, ಇವಳಿಗಿಂತ ಹನ್ನೊಂದು ದಿನ ಮೊದಲು. ಇಬ್ಬರೂ ಸಂಜೆ ಒಟ್ಟಿಗೆ ಊಟಕ್ಕೆ ಹೋಗುವವರಿದ್ದರು.

ನಾನು ಆ ದಿನ ಸಿಸ್ಟರ್ ಊರಿನ ಶಾಲೆಯ ಮುಂದೆ ಚೀಟಿ ಹಂಚುತ್ತ ನಿಂತಿದ್ದೆ. ಮಕ್ಕಳ ತಾಯಂದಿರು ಇಲ್ಲಿಯವರು ಬಾರ್ಬಿ ಎನ್ನುವ ಕಬ್ಬಿಣದ ಒಲೆ ಹಚ್ಚಿ ಸಾಸೇಜು ಸುಡುತ್ತಿದ್ದರು. ಮಾಂಸ ತಿನ್ನದ ನನಗೆ ಬ್ರೆಡ್ಡಿನ ಮೇಲೆ ಬರೀ ಹುರಿದ ಈರುಳ್ಳಿ ಹಾಕಿಕೊಟ್ಟರು. ಗೋಧಿ ರೈತರ ಪರವಾಗಿ ಚೀಟಿ ಹಂಚಲು ಬಂದಿದ್ದ ಮುದುಕರು ತಮ್ಮ ಮಡಿಸುವ ಕುರ್ಚಿಯನ್ನು ನನಗೆ ಕೊಟ್ಟು, ಸರದಿಯ ಮೇಲೆ ಕೂರೋಣ ಎಂದರು.

ಎಣಿಕೆ ಹನ್ನೆರಡು ದಿನ ನಡೆಯಿತು. ಮೊದಲ ಎಣಿಕೆಯಲ್ಲಿ ಸಿಸ್ಟರ್ ಎರಡನೆಯ ಸ್ಥಾನ ಹಿಡಿದಿದ್ದರು. ಮೂರನೆಯವರು ಹೊರಬಿದ್ದಾಗ, ಉಣ್ಣೆ ಕೊಟ್ಟಿಗೆಯವರಂಥ ಎಷ್ಟೋ ಜನರ ‘ಎರಡು’ ಆಕೆಯ ಕಡೆ ಬಂತು. ಅಂತರ ಕರಗಿತು. ಒಂದು ಇಡೀ ದಿನ ಆಕೆ ಮುಂದಿದ್ದರು. ಕಿಲ್ಬರ್ನ್‌ನ ಕ್ಲಿನಿಕ್ಕಿಗೆ ವಾಪಸಾಗಿದ್ದ ನಾನು ಒಬ್ಬ ರೋಗಿ ಹೋಗಿ ಇನ್ನೊಬ್ಬರು ಬರುವ ನಡುವೆ ಫೋನ್ ನೋಡುತ್ತಿದ್ದೆ. ರಿಸೆಪ್ಷನ್ನಿನ ಹುಡುಗಿ ಬಾಗಿಲಲ್ಲಿ ತಲೆ ಹಾಕಿ “ಎಷ್ಟಾಯ್ತು ಡಾಕ್ಟರ್?” ಎಂದು ಕೇಳುವುದು ಶುರುವಾಯಿತು. ಆಮೇಲೆ ಅಂಚೆ ಮತಗಳು ಬಂದವು, ದೂರದ ಗೋಧಿ ಸೀಮೆಯವು. ಕೊನೆಗೆ ಸಿಸ್ಟರ್ ಸೋತರು. ಒಂದು ಮದುವೆ ಮನೆಯಲ್ಲಿ ಮೂರು ಪಂಕ್ತಿಯಲ್ಲಿ ಊಟಕ್ಕೆ ಕೂರುವಷ್ಟು ಜನರ ಅಂತರದಲ್ಲಿ.

ಆಕೆಯೇ ಫೋನ್ ಮಾಡಿದರು. “ಮುಗೀತು. ಈಗಷ್ಟೇ ಅವರಿಗೆ ಫೋನ್ ಮಾಡಿ ಒಳ್ಳೇದಾಗಲಿ ಅಂದೆ. ನೀನು ಶನಿವಾರ ಬರ್ತೀಯಾ? ಬೇಲಿಗಳ ಮೇಲಿನ ನನ್ನ ಮುಖಾನೆಲ್ಲ ಬಿಚ್ಚಬೇಕು.”

ಹೋದೆ. ಎರಡು ದಿನ ಫಲಕ ಬಿಚ್ಚಿದೆವು. ಸೋಲಿನ ದುಃಖ ನನಗಿತ್ತು. ಆಕೆಗೆ ಬೇಸರಕ್ಕಿಂತ ಸುಸ್ತು ಹೆಚ್ಚಾಗಿತ್ತು. ಒಂದೊಂದು ಬೇಲಿಯ ಬಳಿಯೂ ಜನ ಹೊರಗೆ ಬಂದು ತಂತಿ ಕತ್ತರಿಸಿಕೊಟ್ಟರು. ಗಟ್ಟಿ ಫಲಕಗಳನ್ನು ಸಿಸ್ಟರ್ ಕೋಳಿಗೂಡಿನ ಸೂರಿಗೆ ಹಾಕಿಸಿದರು.

ಮುಂದೆ ಆದದ್ದನ್ನು ನಾವ್ಯಾರೂ ಊಹಿಸಿರಲಿಲ್ಲ. ಯಾವಾಗಲೂ ಸುಲಭವಾಗಿ ಗೆಲ್ಲುತ್ತಿದ್ದ ಕ್ಷೇತ್ರ ಕೂದಲೆಳೆಯಲ್ಲಿ ಉಳಿದದ್ದನ್ನು ನೋಡಿ ಎರಡೂ ದೊಡ್ಡ ಪಕ್ಷದವರು ಆ ಊರಿನ ಕಡೆ ಕಣ್ಣು ಹಾಯಿಸಿದರು. ಆರು ವಾರದೊಳಗೆ, ಗೆದ್ದ ಗೋಧಿ ರೈತರು ಸಿಸ್ಟರ್ ಮನೆಗೆ ಬಂದು, ಪತ್ರದ ಎರಡೂ ಪುಟದ ಪ್ರತಿ ಕೇಳಿದರು. ಅದರ ಹಿಂದೆಯೇ ಎದುರು ಪಕ್ಷದವರೂ ಬಂದರು. ರಾಜ್ಯದ ಮಂತ್ರಿಯೊಬ್ಬರು ವಿಮಾನದಲ್ಲಿ ಬಂದಿಳಿದರು. ಸಭೆಗಳು, ಸಮಿತಿ, ಮತ್ತೆ ಸಭೆಗಳು. ಈ ಸಲ ನಾನು ಬೆನ್ನು ಬಿಡಲಿಲ್ಲ. ಪ್ರತಿ ಸೋಮವಾರ ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಒಬ್ಬರಿಗಲ್ಲ ಒಬ್ಬರಿಗೆ ಫೋನ್ ಮಾಡುತ್ತಿದ್ದೆ. ನನ್ನ ದನಿ ಕೇಳುತ್ತಲೇ ಅವರು ಗುರುತು ಹಿಡಿಯುವ ಹಾಗಾಗಿತ್ತು.

ಒಂದೂವರೆ ವರ್ಷ ಹಿಡಿಯಿತು. ಅರಿವಳಿಕೆ ಕಲಿತ ಡಾಕ್ಟರ್ ದಂಪತಿ ಬಂದು ನೆಲೆಯಾದರು, ಒಬ್ಬರು ಕೇರಳದವರು, ಇನ್ನೊಬ್ಬರು ಇಲ್ಲಿಯವರೇ. ಅಪಾಯ ಕಡಿಮೆಯಿರುವ ಬಸುರಿಯರಿಗೆ ಮಾತ್ರ ಎಂಬ ಷರತ್ತಿನ ಮೇಲೆ ವಾರ್ಡು ತೆರೆಯಿತು. ಹೆರಿಗೆಯ ಕೆಲಸ ಬಿಟ್ಟು ವರ್ಷಗಳಾಗಿದ್ದ ನಾನು ಮತ್ತೆ ತರಬೇತಿ ಪಡೆದು, ತಿಂಗಳಿಗೊಂದು ವಾರ ಅಲ್ಲಿಗೆ ಹೋಗಿ ಕೆಲಸ ಮಾಡುತ್ತಿದ್ದೇನೆ. ಕುರಿ ಯಜಮಾನರ ಸೊಸೆ ಆ ಸಲ ಮೋಟೆಲಿನಲ್ಲೇ ದಿನ ಎಣಿಸಿ ಗಂಡುಮಗು ಹೆತ್ತಳು. ಅದನ್ನು ತಪ್ಪಿಸಲು ನಮ್ಮಿಂದ ಆಗಲಿಲ್ಲ. ಅವಳ ನಾದಿನಿಯ ಮಗು ಮಾತ್ರ ಊರಿನಲ್ಲೇ ಹುಟ್ಟಿತು.

ಹೋದ ತಿಂಗಳು ನಾನು ಅಲ್ಲಿದ್ದಾಗ ಗೋಧಿ ರೈತರು, ಈಗ ಮೂರನೆಯ ವರ್ಷದ ಸಂಸದರು, ಸಿಸ್ಟರ್ ಅಡುಗೆಮನೆಯಲ್ಲಿ ಕೂತಿದ್ದರು. ಹೊಸ ಆಂಬುಲೆನ್ಸ್ ಎಲ್ಲಿ ನಿಲ್ಲಬೇಕೆಂಬ ಚರ್ಚೆ. ಮಾತು ಮುಗಿದ ಮೇಲೆ ಸಿಸ್ಟರ್ ಅವರಿಗೆ ಹೇಳಿದರು.

“ನಿಮಗೆ ಮೊದಲೇ ತಿಳಿಸ್ಬಿಡ್ತೀನಿ. ಮುಂದಿನ ಸಲವೂ ನಿಮ್ಮ ಎದುರು ನಾನು ನಿಲ್ತೀನಿ.”

“ಹಾಗಂತ ನನ್ನ ಹೆಂಡತಿ ಆಗ್ಲೇ ಹೇಳಿದಾಳೆ,” ಎಂದರು ಅವರು. “ಮಂಡಿ?”

“ಎರಡೂ ಹೊಸದು. ಜುಲೈಯಲ್ಲಿ ಹಾಕಿಸ್ಕೊಂಡೆ.”

ಅವರು ನಕ್ಕು, ಟೊಪ್ಪಿ ಹಾಕಿಕೊಂಡು ಎದ್ದರು. ಬಾಗಿಲವರೆಗೆ ಅವರನ್ನು ಬೀಳ್ಕೊಟ್ಟು ಬಂದ ಸಿಸ್ಟರ್, ಊರುಗೋಲಿಲ್ಲದೆ ನಡೆದು ಬಂದದ್ದನ್ನು ನಾನು ಗಮನಿಸಲೆಂದು ಎರಡು ಸುತ್ತು ಹೆಚ್ಚಿಗೆ ಅಡುಗೆಮನೆಯಲ್ಲೇ ಓಡಾಡಿದರು. ಕಾರು ಓಡಿಸಲು ನಾನು ಮತ್ತೆ ಲೀವ್ ಹಾಕಬೇಕಲ್ಲ, ಚುನಾವಣೆಯ ದಿನಾಂಕ ಗೊತ್ತಾಗುವುದು ಯಾವಾಗ ಎಂದು ಕೇಳಿದೆ.